ನಕ್ಷತ್ರ ನೋಡಲು ಯಾವ ಊರು?

ನಿಮ್ಮ ಜನ್ಮನಕ್ಷತ್ರ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸದೆ ಉತ್ತರ ಕೊಡುತ್ತಾರೆ. ದೇವಸ್ಥಾನದ ಅರ್ಚನೆಗೆ ಅದು ಬೇಕು, ಮದುವೆಯ ಮಾತುಕತೆಗೆ ಬೇಕು, ಮಗುವಿಗೆ ಹೆಸರಿಡುವಾಗ ಬೇಕು. ಆದರೆ ಆ ನಕ್ಷತ್ರವನ್ನು ಕಣ್ಣಾರೆ ಕಂಡದ್ದುಂಟೆ ಎಂದು ಕೇಳಿ ನೋಡಿ; ಮಾತು ಅಲ್ಲಿಗೇ ನಿಲ್ಲುತ್ತದೆ. ರೋಹಿಣಿ, ಆರ್ದ್ರಾ, ಮಖಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ ಇವುಗಳಲ್ಲಿ ಹುಟ್ಟಿದವರು ಭಾಗ್ಯಶಾಲಿಗಳು. ತಮ್ಮ ತಾರೆಯನ್ನು ಅವರು ಬೆಂಗಳೂರಿನ ಮಹಡಿಯ ಮೇಲಿನಿಂದಲೂ ಗುರುತಿಸಬಲ್ಲರು. ಪುಷ್ಯದವರ, ಆಶ್ಲೇಷದವರ, ರೇವತಿಯವರ ಪಾಡು ಬೇರೆ. ಪುಷ್ಯವೆಂಬುದು ಒಂದು ಬಿಡಿ ಚುಕ್ಕಿಯಲ್ಲ. ಮಿಥುನದ ಜೋಡಿ ತಾರೆಗಳಿಗೂ ಮಖೆಗೂ ನಡುವೆ, ನಾಲ್ಕಾರು ಮಂಕು ಚುಕ್ಕಿಗಳ ಮಡಿಲಲ್ಲಿ, ಯಾರೋ ವಿಭೂತಿಯ ಬೆರಳೊತ್ತಿದಂತೆ ಕಾಣುವ ಮಸುಕಾದ ಬೆಳಕು ಅದು. ರೇವತಿಯಂತೂ ಐದನೆಯ ತರಗತಿಯ ಕಾಂತಿಯ ಸಣ್ಣ ನಕ್ಷತ್ರ. ಪಟ್ಟಣದಲ್ಲಿ ಹುಟ್ಟಿ, ಪಟ್ಟಣದಲ್ಲಿ ಬಾಳಿ, ಪಟ್ಟಣದಲ್ಲೇ ಕಣ್ಣುಮುಚ್ಚುವ ರೇವತಿ ನಕ್ಷತ್ರದವರು ತಮ್ಮ ನಕ್ಷತ್ರವನ್ನು ಒಮ್ಮೆಯೂ ಕಾಣದೆ ಹೋಗುತ್ತಾರೆ.

ಈಚೆಗೆ ರಜೆಯ ದಿನಗಳಲ್ಲಿ ನಕ್ಷತ್ರಗಳನ್ನು ನೋಡಲೆಂದೇ ಊರು ಬಿಟ್ಟು ಹೊರಡುವವರು ಕಾಣಿಸಿಕೊಳ್ಳುತ್ತಿದ್ದಾರೆ. ಒಳ್ಳೆಯ ಹವ್ಯಾಸ. ಅವರು ಕೇಳುವ ಮೊದಲ ಪ್ರಶ್ನೆ, ಯಾವ ಊರಿಗೆ ಹೋಗೋಣ ಎಂಬುದು. ಉತ್ತರ ಹೇಳುವವರು ಒಂದೋ ಲಡಾಖಿನ ಹಾನ್ಲೆಯ ಹೆಸರು ಹೇಳುತ್ತಾರೆ, ಇಲ್ಲವೆ ಮಡಿಕೇರಿ, ಚಿಕ್ಕಮಗಳೂರುಗಳ ಕಡೆ ಬೆರಳು ತೋರುತ್ತಾರೆ. ಈ ಹದಿನೈದು ನಿಮಿಷಗಳಲ್ಲಿ ನಾನು ಮೂರನೆಯ ಹೆಸರೊಂದನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಪ್ರವಾಸಿಗರು ಬಸ್ಸಿನ ಕಿಟಕಿಯಿಂದ ನೋಡಿ ದಾಟಿಹೋಗುವ ನಾಡು ಅದು: ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು.

ಚಳ್ಳಕೆರೆಯೆಂದರೆ ಕಡಲೆಕಾಯಿ ಎಣ್ಣೆಯ ಗಾಣಗಳು ಮತ್ತು ಕಂಬಳಿ. ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆ. ಸಾಹಿತ್ಯಾಸಕ್ತರಿಗೆ ತಳುಕಿನ ವೆಂಕಣ್ಣಯ್ಯನವರ ಹೆಸರೂ ನೆನಪಾದೀತು. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಆ ಗುರುಗಳಿಗೆ. ತಳುಕು ಚಳ್ಳಕೆರೆ ತಾಲ್ಲೂಕಿನ ಊರು. ಇವೆಲ್ಲ ನೆಲದ ಮೇಲಿನ ಕೀರ್ತಿಗಳು. ತಲೆಯೆತ್ತಿ ನೋಡಿದರೆ ಕಾಣುವ ಕೀರ್ತಿಯ ವಿಷಯ ಯಾರೂ ಹೇಳಿದ್ದಿಲ್ಲ.

ಮೊದಲು ಹಾನ್ಲೆಯ ವಿಚಾರ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆ ಅಲ್ಲಿ ವೀಕ್ಷಣಾಲಯ ನಡೆಸುತ್ತಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2022ರ ಡಿಸೆಂಬರಿನಲ್ಲಿ ಲಡಾಖಿನ ಆಡಳಿತ ಹಾನ್ಲೆಯ ಸುತ್ತಲಿನ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ನೆಲವನ್ನು ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿತು. ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಿದರು, ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟರು. ದೇಶದಲ್ಲಿ ಅದಕ್ಕಿಂತ ಒಳ್ಳೆಯ ಕತ್ತಲೆ ಸಿಗಲಾರದು.

ಆದರೂ ಎರಡು ಮಾತು ಹೇಳಬೇಕು. ಒಂದು, ಆ ಎತ್ತರದಲ್ಲಿ ಉಸಿರಾಟದ ಗಾಳಿ ತೆಳುವು. ಕತ್ತಲಲ್ಲಿ ಕಾಣುವ ನಮ್ಮ ಕಣ್ಣಿನ ಶಕ್ತಿ ಆಮ್ಲಜನಕದ ಕೊರತೆಯನ್ನು ಬಹಳ ಬೇಗ ತೋರಿಸಿಕೊಡುತ್ತದೆ. ಬಯಲುಸೀಮೆಯಿಂದ ಹೋದವನ ಕಣ್ಣಿಗೆ ಮೊದಲ ದಿನಗಳಲ್ಲಿ ಅಲ್ಲಿನ ಆಕಾಶ ಪೂರ್ತಿ ದಕ್ಕುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಹಾನ್ಲೆ ಇರುವುದು 33 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಅಲ್ಲಿಂದ ತೆಂಕಣ ಆಕಾಶದ ಒಂದು ಭಾಗ ಭೂಮಿಯ ಬೆನ್ನಿನ ಮರೆಗೆ ಬಿದ್ದಿರುತ್ತದೆ. ತ್ರಿಶಂಕುವೆಂದು ನಮ್ಮವರು ಕರೆಯುವ ಆ ನಾಲ್ಕು ತಾರೆಗಳ ಶಿಲುಬೆಯನ್ನು ಅಲ್ಲಿ ನೋಡಲಾಗದು; ಅದರ ಬುಡದ ನಕ್ಷತ್ರ ಹಾನ್ಲೆಯ ಪಾಲಿಗೆ ಎಂದೂ ಹುಟ್ಟುವುದೇ ಇಲ್ಲ. ಅಗಸ್ತ್ಯ ನಕ್ಷತ್ರ ಹುಟ್ಟುತ್ತದೆ, ಆದರೆ ದಿಗಂತದಿಂದ ನಾಲ್ಕೂವರೆ ಡಿಗ್ರಿಗಿಂತ ಮೇಲೇರದು. ಗುಡ್ಡವೊಂದು ಅಡ್ಡ ಬಂದರೆ ಅದೂ ಇಲ್ಲ. ಮೊಳಕಾಲ್ಮೂರಿನಲ್ಲಿ ಅದೇ ಅಗಸ್ತ್ಯ 22 ಡಿಗ್ರಿಗೂ ಮೇಲೆ ನಿಲ್ಲುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ. ಎರಡು ಮುಷ್ಟಿಗಿಂತ ಮಿಗಿಲು ಎತ್ತರ. ತ್ರಿಶಂಕುವಿನ ಬುಡದ ತಾರೆ ಒಂದು ಮುಷ್ಟಿಗಿಂತ ತುಸು ಮೇಲೆ. ವಿಂಧ್ಯವನ್ನು ಬಗ್ಗಿಸಿ ತೆಂಕಣಕ್ಕೆ ಹೋದ ಋಷಿ ಹಿಂದಿರುಗಲಿಲ್ಲವೆಂಬ ಕಥೆ ನಮಗೆಲ್ಲ ಗೊತ್ತು. ಅವನನ್ನು ಕಾಣಬೇಕಾದರೆ ತೆಂಕಣಕ್ಕೆ ನಾವೇ ಹೋಗಬೇಕು, ಹೋದಷ್ಟೂ ಅವನು ಮೇಲೇರುತ್ತಾನೆ. ಸಾವಿರಾರು ರೂಪಾಯಿ ಸುರಿದು ಬಡಗಣಕ್ಕೆ ಹೋಗಿ ಅಗಸ್ತ್ಯನಿಗೆ ಬೆನ್ನು ಮಾಡುವುದು ನನಗೇಕೋ ಒಪ್ಪಿಗೆಯಾಗದು.

ವೇಣು ಬಾಪು ಅವರು 1960ರ ದಶಕದಲ್ಲಿ ವೀಕ್ಷಣಾಲಯಕ್ಕೆ ಜಾಗ ಹುಡುಕಿ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದಾಗ ಅವರ ಮನಸ್ಸಿನಲ್ಲಿದ್ದ ಕಾರಣಗಳಲ್ಲಿ ಇದೂ ಒಂದು: ವಿಷುವದ್ವೃತ್ತಕ್ಕೆ ಹತ್ತಿರವಿದ್ದಷ್ಟೂ ಎರಡು ಗೋಳಾರ್ಧಗಳ ಆಕಾಶವೂ ಕೈಗೆ ಸಿಗುತ್ತದೆ. 1977ರ ಮಾರ್ಚಿನಲ್ಲಿ ಯುರೇನಸ್ಸಿನ ಸುತ್ತ ಉಂಗುರಗಳಿವೆಯೆಂಬುದು ತಿಳಿದುಬಂದಾಗ ಕಾವಲೂರಿನ ವೀಕ್ಷಣೆಯೂ ಅದಕ್ಕೆ ಸಾಕ್ಷಿಯಾಯಿತು.

ಇನ್ನು ಮಲೆನಾಡು. ನಕ್ಷತ್ರ ಮೇಲಿದೆ, ಆದ್ದರಿಂದ ಬೆಟ್ಟ ಹತ್ತಿದರೆ ಹತ್ತಿರವಾಗುತ್ತದೆ ಎಂಬ ಮುಗ್ಧ ನಂಬಿಕೆ ಎಲ್ಲರಲ್ಲೂ ಇರುವಂತೆ ತೋರುತ್ತದೆ. ಬೆಟ್ಟದ ಊರಿನಲ್ಲಿ ಮಂಜು, ಮರ, ಎದುರುಗುಡ್ಡ ಈ ಮೂರೂ ಸೇರಿ ಆಕಾಶವನ್ನು ಒಂದು ಅಂಗಳದಷ್ಟಕ್ಕೆ ಇಳಿಸಿಬಿಡುತ್ತವೆ. ಉಳಿದದ್ದನ್ನು ವಿಹಾರಗೃಹಗಳ ಬಣ್ಣದ ದೀಪಗಳು ನುಂಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಪಡುವಣದ ಮೋಡ ಸಹ್ಯಾದ್ರಿಯಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ, ಬರಿಗೈಯಲ್ಲಿ ಇಲ್ಲಿಗೆ ಬರುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಾದರೆ ಆಕಾಶ ತಿಳಿ. ಮರವಿಲ್ಲ, ಮಂಜಿಲ್ಲ, ದಿಗಂತದಿಂದ ದಿಗಂತದವರೆಗೆ ಕಣ್ಣಿಗೆ ತಡೆಯಿಲ್ಲ. ಬಯಲುಸೀಮೆಯೆಂಬ ಹೆಸರಿನಲ್ಲೇ ಅದರ ಶಿಫಾರಸು ಅಡಗಿದೆ.

ಇಲ್ಲೊಂದು ಎಚ್ಚರ. ಮಳೆ ಕಡಿಮೆಯೆಂದು ಜೂನ್, ಜುಲೈ ತಿಂಗಳಲ್ಲಿ ಹೊರಟೀರಿ. ಮಳೆಗಾಲದಲ್ಲಿ ಇಲ್ಲಿ ಮೋಡ ಕವಿಯುತ್ತದೆ, ಹನಿಯುವುದಿಲ್ಲ ಅಷ್ಟೆ. ರೈತನಿಗೂ ನಕ್ಷತ್ರ ನೋಡುವವನಿಗೂ ಏಕಕಾಲಕ್ಕೆ ನಿರಾಸೆ. ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನವೆಂಬರಿನ ನಡುವಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ. ಆಮೇಲೆ ಬಿಸಿಲಿಗೆ ಧೂಳೆದ್ದು ದಿಗಂತ ಕೆಂಪಾಗುತ್ತದೆ.

ಮಳೆಯ ಮಾತು ಬಂದುದರಿಂದ ಮತ್ತೊಂದು ಸಂಗತಿ. ನಮ್ಮ ರೈತರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ: ಕೃತ್ತಿಕೆ ಮಳೆ, ರೋಹಿಣಿ ಮಳೆ, ಆರಿದ್ರೆ ಮಳೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿಯನ್ನು ಹುಡುಕಿದರೆ ಸಿಗುವುದಿಲ್ಲ. ಸೂರ್ಯ ಆ ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ಹೆಸರು. ಆಗ ಅದು ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ಕಣ್ಣಿಗೆ ಕಾಣದ ನಕ್ಷತ್ರದ ಹೆಸರು ಹಿಡಿದು ಇನ್ನೂ ಬಾರದ ಮಳೆಯನ್ನು ಕಾಯುವ ಜನ ನಾವು. ಆದರೆ ಈ ಲೆಕ್ಕ ಹುಟ್ಟಬೇಕಾದರೆ, ರೋಹಿಣಿ ಸಂಜೆಯ ಪಡುವಣದಲ್ಲಿ ದಿನದಿನವೂ ಕೆಳಗಿಳಿದು ಮರೆಯಾದುದನ್ನೂ ತಿಂಗಳ ಮೇಲೆ ನಸುಕಿನ ಮೂಡಣದಲ್ಲಿ ಮತ್ತೆ ಎದ್ದುದನ್ನೂ ಯಾರೋ ಹಿರಿಯರು ತಾಳ್ಮೆಯಿಂದ ನೋಡಿರಲೇಬೇಕು. ಅಂಥವರಿಗೆ ಬೇಕಾದದ್ದು ದೂರದರ್ಶಕವಲ್ಲ; ತೆರೆದ ಬಯಲು, ಇರುಳೆಲ್ಲ ಹೊರಗೆ ಕಳೆಯಬೇಕಾದ ಬದುಕು.

ಆ ಬಯಲು, ಆ ಬದುಕು ಎರಡೂ ಈ ಸೀಮೆಯಲ್ಲಿ ಬಹುಕಾಲ ಉಳಿದವು. ಅದಕ್ಕೆ ಕಾರಣ ಕಾವಲುಗಳು. ಮೈಸೂರಿನ ಅರಸರು ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲುಗಳಿಗೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂತು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ ಹಿಂಡುಗಳನ್ನು ಅಟ್ಟುತ್ತಿದ್ದರು. ಅಲ್ಲಿ ಉಳುವಂತಿಲ್ಲ, ಕಟ್ಟುವಂತಿಲ್ಲ. ಹಾಗಾಗಿ ಹುಲ್ಲಿನ ಜೊತೆಗೆ ಕೃಷ್ಣಮೃಗ ಉಳಿಯಿತು, ಕೃಷ್ಣಮೃಗದ ಜೊತೆಗೆ ಕತ್ತಲೆಯೂ ಉಳಿಯಿತು. ಮ್ಯಾಸನಾಯಕರ ದೇವರೆತ್ತುಗಳನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರು, ಕುರುಬರು ಇಂಥ ಬಯಲಿನಲ್ಲೇ ಹಿಂಡಿನ ನಡುವೆ ಮಲಗಿ ಬೆಳಗು ಮಾಡಿದವರು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಬಾಳಿದ ಸಿರಿಯಜ್ಜಿ ಅಕ್ಷರ ಕಲಿತವರಲ್ಲ; ಸಾವಿರಾರು ಪದಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ದೀಪವಿಲ್ಲದ ದೀರ್ಘ ರಾತ್ರಿಗಳಿಗೂ ಇಂಥ ನೆನಪಿನ ಸಂಪತ್ತಿಗೂ ಏನೋ ಸಂಬಂಧವಿರಬೇಕೆಂದು ನನ್ನ ಊಹೆ.

ಇಂಥದೊಂದು ಬಯಲಿನಲ್ಲಿ ಡಿಸೆಂಬರಿನ ಒಂದು ಅಮಾವಾಸ್ಯೆಯ ರಾತ್ರಿ ನಾನು ಕಂಬಳಿ ಹಾಸಿ ಅಂಗಾತ ಮಲಗಿದ್ದೆ. ಕತ್ತಲಲ್ಲಿ ದೊಣ್ಣೆಯ ಸದ್ದಾಯಿತು. ಮುದುಕರೊಬ್ಬರು ಬಂದು ನಿಂತರು.

“ಏನ್ ಕಳ್ಕಂಡೀರಿ ಸಾಮಿ, ಈ ಕತ್ಲಾಗೆ?”

“ಏನೂ ಇಲ್ಲ ಯಜಮಾನ್ರೆ, ಚುಕ್ಕಿ ನೋಡ್ತಾ ಇದೀನಿ” ಎಂದೆ.

“ಅದನ್ನ ನೋಡಾಕೆ ಅಷ್ಟು ದೂರದಿಂದ ಬಂದ್ರಾ? ನಿಮ್ಮೂರಾಗೆ ಇಲ್ಲೇನು?”

ಇಲ್ಲವೆಂದು ಹೇಳಲು ನನಗೆ ಸಂಕೋಚವಾಯಿತು. ಅವರು ನನ್ನ ಪಕ್ಕದಲ್ಲೇ ಕುಳಿತು, ಬೆಳ್ಳಿ ಯಾವ ತಿಂಗಳು ಮೂಡಣಕ್ಕೆ ಬರುತ್ತದೆ, ಯಾವ ಚುಕ್ಕಿ ಯಾವ ಗುಡ್ಡದ ನೆತ್ತಿಗೆ ಬಂದಾಗ ಕುರಿಗಳನ್ನು ಎಬ್ಬಿಸಬೇಕು ಎಂಬುದನ್ನೆಲ್ಲ, ನಾವು ಗಡಿಯಾರದ ವಿಷಯ ಹೇಳುವಷ್ಟೇ ಸಹಜವಾಗಿ ಹೇಳಿದರು. ಮಗನೂ ಮೊಮ್ಮಗನೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರಂತೆ. ಮಳೆಯಿಲ್ಲದ ಆಕಾಶವನ್ನು ನಾನು ಕೊಂಡಾಡುತ್ತಿದ್ದಾಗ, ಅದೇ ಆಕಾಶ ಅವರ ಮನೆಯವರನ್ನು ಊರು ಬಿಡಿಸಿತ್ತು.

ಈ ಸಂಗತಿಯನ್ನು ಬದಿಗೆ ತಳ್ಳಿ ಕತ್ತಲೆಯ ಸೊಬಗನ್ನು ವರ್ಣಿಸುವುದು ಸುಲಭ, ಆದರೆ ನ್ಯಾಯವಲ್ಲ. ಮೊಳಕಾಲ್ಮೂರು ಕಡೆಯ ಹಳ್ಳಿಯೊಂದರಲ್ಲಿ, ಬೀದಿಗೆ ದೀಪ ಹಾಕದಿದ್ದರೇ ಚೆನ್ನ ಎಂದು ನಾನು ಆತಿಥ್ಯ ಕೊಟ್ಟ ಗೆಳೆಯರೊಡನೆ ಹೇಳುತ್ತಿದ್ದುದು ಅವರ ತಾಯಿಯ ಕಿವಿಗೆ ಬಿತ್ತು. ಕೊಡ ಇಳಿಸಿ ಅವರೆಂದರು: “ನಿಮಗೇನಪ್ಪ, ಎರಡು ದಿನ ಇದ್ದು ಹೋಗೋರು. ನಸುಕಿನಾಗೆ ನೀರಿಗೆ ಹೋಗೋರು ನಾವು. ಕರಡಿ ಬಂದ್ರೆ ನಿಮ್ ಚುಕ್ಕಿ ಬೆಳಕಿನಾಗೆ ಕಾಣ್ತದಾ?” ಬಂಡೆಗುಡ್ಡಗಳ ಆ ನಾಡಿನಲ್ಲಿ ಕರಡಿಯ ಭಯ ಸುಳ್ಳಲ್ಲ. ಹಾವಿನ ಭಯವೂ ಸುಳ್ಳಲ್ಲ. ನಮ್ಮ ರಜೆಯ ಎರಡು ರಾತ್ರಿಗಳಿಗಾಗಿ ಆ ತಾಯಿ ವರ್ಷವಿಡೀ ಕತ್ತಲಲ್ಲಿ ನಡೆಯಲಿ ಎನ್ನುವ ಹಕ್ಕು ನಮಗೆ ಯಾರು ಕೊಟ್ಟರು?

ಆದರೆ ಬೆಳಕಿಗೂ ಕತ್ತಲೆಗೂ ವೈರವಿರಲೇಬೇಕೆಂದಿಲ್ಲ. ಬೀದಿಯ ದೀಪ ಬೇಕಾದದ್ದು ಬೀದಿಗೆ, ಆಕಾಶಕ್ಕಲ್ಲ. ದೀಪದ ತಲೆಯ ಮೇಲೆ ಒಂದು ಮುಚ್ಚಳವಿದ್ದರೆ ಮೇಲಕ್ಕೆ ಚೆಲ್ಲಿಹೋಗುವ ಬೆಳಕೂ ನೆಲಕ್ಕೇ ಬೀಳುತ್ತದೆ. ಅದೇ ಖರ್ಚಿನಲ್ಲಿ ದಾರಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಈಗ ಎಲ್ಲೆಡೆ ಬಂದಿರುವ ಎಲ್‌ಇಡಿ ದೀಪಗಳಲ್ಲಿ ಬೆಳ್ಳಗೆ ನೀಲಿಯಾಗಿ ಉರಿಯುವ ಬಗೆ ಹೆಚ್ಚು ಕೆಡುಕಿನದು. ಹಗಲಿನ ಆಕಾಶ ಯಾವ ಕಾರಣದಿಂದ ನೀಲಿಯಾಗಿ ಕಾಣುತ್ತದೆಯೋ ಅದೇ ಕಾರಣದಿಂದ ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚಾಗಿ ಚೆದರಿ ಊರ ಮೇಲೆ ಬೂದುಬಣ್ಣದ ಕೊಡೆ ಹಿಡಿಯುತ್ತದೆ. ದೀಪಾವಳಿಯ ಹಣತೆಯಂತೆ ಹಳದಿಯಾಗಿ ಉರಿಯುವ ಎಲ್‌ಇಡಿ ಕೂಡ ಅಂಗಡಿಯಲ್ಲಿ ಸಿಗುತ್ತದೆ. ಗೆಳೆಯರ ಮನೆಯ ಮುಂದಿನ ದೀಪಕ್ಕೆ ನಾವು ಎಣ್ಣೆಯ ಡಬ್ಬದ ತಗಡನ್ನು ಕತ್ತರಿಸಿ ಟೋಪಿ ಮಾಡಿ ಕಟ್ಟಿದೆವು. ನೀರಿಗೆ ಹೋಗುವ ದಾರಿ ಕಂಡಿತು. ಅಂಗಳದಿಂದ ಕೃತ್ತಿಕೆಯೂ ಕಂಡಿತು. ತಾಯಿ ಸೊಸೆಯನ್ನು ಕರೆದು, “ನೋಡೇ, ಬೆಳಕು ಈಗ ಕಣ್ಣಿಗೆ ಹೊಡಿಯಾಕಿಲ್ಲ” ಎಂದರು.

ಹಳ್ಳಿಯ ದೀಪಗಳಿಗಿಂತ ದೊಡ್ಡ ಬದಲಾವಣೆಗಳು ಈ ಸೀಮೆಯಲ್ಲಿ ನಡೆದಿವೆ. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಬಂತು. 2017ರಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರ ತೆರೆಯಿತು. ರೆಕ್ಕೆಯುಳ್ಳ ಮರುಬಳಕೆಯ ವ್ಯೋಮನೌಕೆಯ ಮಾದರಿಯನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿ ಬಂದು ಇಳಿದದ್ದು ಇದೇ ಕೇಂದ್ರದ ಓಡುಹಾದಿಯ ಮೇಲೆ. ಹುಲ್ಲುಗಾವಲು ಕಳೆದುಕೊಂಡ ದೊಡ್ಡ ಉಳ್ಳಾರ್ತಿ ಸುತ್ತಿನ ಜನ ಗೋಡೆಯನ್ನು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಬೇಡವೆನ್ನುವಷ್ಟು ಅಜ್ಞಾನ ನನಗಿಲ್ಲ. ಆದರೆ ಗೋಡೆ ಬಂದಲ್ಲಿ ಕಾವಲಿನ ದೀಪ ಬರುತ್ತದೆ, ಹೆದ್ದಾರಿ ಅಗಲವಾದಲ್ಲಿ ಅದರ ದೀಪ ಬರುತ್ತದೆ, ಗಾಳಿಯಂತ್ರದ ತುದಿಯಲ್ಲಿ ಕೆಂಪು ದೀಪ ಮಿಟುಕುತ್ತದೆ. ಆಕಾಶಕ್ಕೆ ನೌಕೆ ಹಾರಿಸುವವರು ಆಕಾಶದ ಕತ್ತಲೆಯನ್ನು ಕಾಯುವುದರಲ್ಲೂ ಮೊದಲಿಗರಾಗಲಿ ಎಂದು ಆಶಿಸುವುದು ತಪ್ಪಾಗಲಾರದು. ಹಾನ್ಲೆಯ ಹಳ್ಳಿಗರು ಮಾಡಿದ್ದನ್ನು ನಮ್ಮ ಒಂದೆರಡು ಪಂಚಾಯಿತಿಗಳೂ ಮಾಡಬಹುದು. ಅದಕ್ಕೆ ಬೇಕಾದದ್ದು ಮುಚ್ಚಳಗಳು, ಹಳದಿ ದೀಪಗಳು, ಒಂದು ನಿರ್ಣಯ.

ಇನ್ನು ಸ್ಥಳದ ವಿವರ. ನಕ್ಷತ್ರ ನೋಡುವವನು ಭೂಪಟವನ್ನು ಬೇರೆಯೇ ಬಗೆಯಲ್ಲಿ ಓದಬೇಕು. ಯಾವ ದಿಕ್ಕಿನ ಆಕಾಶ ಮುಖ್ಯವೋ ಆ ದಿಕ್ಕಿನಲ್ಲಿ ದೊಡ್ಡ ಊರು ಇರಬಾರದು. ಮೊಳಕಾಲ್ಮೂರಿಗೆ ಬಡಗಣದಲ್ಲಿ ಬಳ್ಳಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಆ ಕಡೆಯ ದಿಗಂತ ರಾತ್ರಿಯೆಲ್ಲ ಮಾಸಲು ಕೆಂಪು. ಧ್ರುವನಕ್ಷತ್ರ ಇಲ್ಲಿ ಹದಿನಾಲ್ಕೂವರೆ ಡಿಗ್ರಿಯಷ್ಟೇ ಎತ್ತರದಲ್ಲಿರುವುದರಿಂದ ಅದು ಈ ಮಾಸಲಿಗೆ ಹತ್ತಿರ. ತೆಂಕಣ ಮಾತ್ರ ತಕ್ಕಮಟ್ಟಿಗೆ ಶುದ್ಧ. ಚಳ್ಳಕೆರೆಯ ಹೊಳಪು ಅಷ್ಟು ದೂರದಿಂದ ದಿಗಂತದ ಅಂಚಿನಲ್ಲೇ ಉಳಿಯುತ್ತದೆ. ತ್ರಿಶಂಕುವನ್ನೇ ನೋಡಬೇಕೆಂದು ಹೊರಟವರು ಚಳ್ಳಕೆರೆಯನ್ನೂ ದಾಟಿ, ವೇದಾವತಿಯ ದಿಕ್ಕಿಗೆ, ಪರಶುರಾಂಪುರದ ಕಡೆ ಹೋಗುವುದು ಲೇಸು. ಊರಿನ ದೀಪ ಬೆನ್ನಿಗೆ ಬೀಳುತ್ತದೆ. ಕಾವಲುಗಳಿಗೆ ಹೇಳದೆ ಕೇಳದೆ ನುಗ್ಗಬಾರದು; ಬೇಲಿ, ಗೋಡೆ ಇರುವ ಕಡೆ ಸುಳಿಯಲೂ ಬಾರದು. ಪರಿಚಯದವರ ಮಾಳಿಗೆಯ ಮೇಲೆ ಮಲಗುವುದು ಎಲ್ಲಕ್ಕಿಂತ ಒಳ್ಳೆಯದು. ಮಣ್ಣಿನ ಮಾಳಿಗೆಯ ಮನೆಗಳು ಈಗ ಕಡಿಮೆಯಾಗಿವೆ, ಆದರೆ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಳೆದ ತಲೆಮಾರಿನವರಿಗೆ ಹಾಸಿಗೆಯೇ ವೀಕ್ಷಣಾಲಯವಾಗಿತ್ತು.

ಹಗಲಿನಲ್ಲಿ ಏನು ಮಾಡುವುದೆಂದು ಕೇಳುವವರು ಬ್ರಹ್ಮಗಿರಿಗೆ ಹೋಗಬೇಕು. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ, ಸಿದ್ದಾಪುರದಲ್ಲಿ, ಜಟಿಂಗರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ಬರೆದ ಚಪಡನೆಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ. ಬಡಗಣದಿಂದ ಬಂದವನು ತನ್ನೂರಿನ ಲಿಪಿಯ ನೆನಪನ್ನು ಈ ಕಲ್ಲಿನ ಮೇಲೆ ಬಿಟ್ಟುಹೋದಂತಿದೆ. ಶಾಸನದಲ್ಲಿ 256 ಎಂಬ ಸಂಖ್ಯೆಯುಂಟು. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಚಪಡ ಇಲ್ಲಿ ಕಳೆದ ರಾತ್ರಿಗಳಲ್ಲಿ ತಲೆಯೆತ್ತಿ ನೋಡಿದ್ದರೆ ಏನು ಕಂಡಿರಬಹುದು? ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಡಬಹುದು. ಭೂಮಿಯ ಅಕ್ಷ ಬುಗುರಿಯ ಮೊಳೆಯಂತೆ ಸುಮಾರು 26000 ವರ್ಷಗಳಿಗೊಮ್ಮೆ ಓಲಾಡಿ ಸುತ್ತು ಬರುತ್ತದೆ. ಆದ್ದರಿಂದ ಅಶೋಕನ ಕಾಲದಲ್ಲಿ ನಮ್ಮ ಧ್ರುವನಕ್ಷತ್ರ ಧ್ರುವದಲ್ಲಿರಲಿಲ್ಲ. ಅಲ್ಲಿಂದ ಹದಿಮೂರು ಡಿಗ್ರಿಯಷ್ಟು ದೂರದಲ್ಲಿ ಎಲ್ಲ ನಕ್ಷತ್ರಗಳಂತೆ ತಾನೂ ಸುತ್ತುತ್ತಿತ್ತು. ತ್ರಿಶಂಕುವಾದರೋ ಬ್ರಹ್ಮಗಿರಿಯ ತೆಂಕಣ ಆಕಾಶದಲ್ಲಿ ಇಂದಿಗಿಂತ ಎರಡು ಪಟ್ಟು ಎತ್ತರದಲ್ಲಿ, ಸುಮಾರು 25 ಡಿಗ್ರಿಯಲ್ಲಿ, ನಿಲ್ಲುತ್ತಿತ್ತು. ಆಗ ಅದನ್ನು ಹುಡುಕಬೇಕಾಗಿರಲಿಲ್ಲ. ಈಚಿನ ಎರಡು ಸಾವಿರ ವರ್ಷಗಳಲ್ಲಿ ಅದು ಮೆಲ್ಲಮೆಲ್ಲನೆ ಇಳಿಯುತ್ತ ಬಂದಿದೆ. ಅದರ ಇಳಿತವನ್ನು ನಾವು ತಡೆಯಲಾರೆವು. ಅದಿರುವ ದಿಗಂತವನ್ನು ದೀಪಗಳಿಂದ ಮುಚ್ಚುವ ಕೆಲಸ ಮಾತ್ರ ನಮ್ಮದೇ.

ಯಾವ ದಿನ ಹೋಗಬೇಕು? ಅಮಾವಾಸ್ಯೆಯ ಹಿಂದು ಮುಂದಿನ ನಾಲ್ಕೈದು ದಿನ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವುದು ಫಾಲ್ಗುಣದಲ್ಲಿ, ಚಿತ್ತಾ ನಕ್ಷತ್ರದಂದು. ಆ ಜಾತ್ರೆಗೆ ಅವಶ್ಯ ಹೋಗಿ, ಆದರೆ ಹುಣ್ಣಿಮೆ ಆಗಷ್ಟೇ ಕಳೆದಿರುತ್ತದೆ, ಚಂದ್ರನ ಬೆಳಕಿನಲ್ಲಿ ಪುಷ್ಯವನ್ನು ಹುಡುಕಬೇಡಿ. ನನ್ನನ್ನು ಕೇಳಿದರೆ ಮಹಾಶಿವರಾತ್ರಿಗೆ ಮಿಗಿಲಾದ ದಿನವಿಲ್ಲ. ಅದು ಮಾಘ ಬಹುಳ ಚತುರ್ದಶಿ, ಮರುದಿನವೇ ಅಮಾವಾಸ್ಯೆ. ಚಂದ್ರ ನಸುಕಿನವರೆಗೆ ತಲೆ ಹಾಕುವುದಿಲ್ಲ, ಹಾಕಿದರೂ ಉಗುರಿನ ಎಳೆಯಷ್ಟು. ಗಾಳಿ ಒಣಗಿರುತ್ತದೆ, ಚಳಿ ಹದವಾಗಿರುತ್ತದೆ. ಜಾಗರಣೆಗೆ ಹಿರಿಯರು ಇಂಥ ರಾತ್ರಿಯನ್ನೇ ಆರಿಸಿದ್ದಾರೆ; ನಾವು ಚಲನಚಿತ್ರ ನೋಡಿ ಕಳೆಯುತ್ತೇವೆ.

ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಚಳ್ಳಕೆರೆಯ ಸಂತೆಯಲ್ಲಿ ಕೊಂಡ ಒಂದು ಕಂಬಳಿ, ನೀರು, ಕೆಂಪು ಕಾಗದ ಸುತ್ತಿದ ಬ್ಯಾಟರಿ, ಸಾಧ್ಯವಾದರೆ ಒಂದು ದುರ್ಬೀನು. ಆರ್. ಎಲ್. ನರಸಿಂಹಯ್ಯನವರೂ ಜಿ. ಟಿ. ನಾರಾಯಣ ರಾಯರೂ ಕನ್ನಡದಲ್ಲಿ ನಕ್ಷತ್ರಗಳ ಬಗೆಗೆ ಬರೆದ ಪುಸ್ತಕಗಳುಂಟು. ಹೊರಡುವ ಮುನ್ನ ಓದಿಕೊಳ್ಳಿ. ಜೇಬಿನ ಫೋನನ್ನು ಮಾತ್ರ ಮುಚ್ಚಿಡಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಒಮ್ಮೆ ಬಿಳಿಯ ಬೆಳಕು ಬಿದ್ದರೆ ಆ ಅರ್ಧ ಗಂಟೆಯನ್ನು ಮತ್ತೆ ಮೊದಲಿನಿಂದ ಎಣಿಸಬೇಕು.

ಸಂಜೆ ಏಳೂ ಮುಕ್ಕಾಲರ ಹೊತ್ತಿಗೆ ಪಡುವಣದಲ್ಲಿ, ಬೆಳಗಿನ ಬೆಳಕು ತಪ್ಪಿ ಬಂದಂತೆ, ಗೋಪುರದಾಕಾರದ ಮಸುಕು ಹೊಳಪೊಂದು ಏರಿರುತ್ತದೆ. ಅದು ಯಾವ ಊರಿನ ದೀಪವೂ ಅಲ್ಲ. ಸೂರ್ಯನ ಸುತ್ತ ಗ್ರಹಗಳ ನಡುವೆ ಹರಡಿರುವ ಧೂಳಿನ ಮೇಲೆ ಬಿದ್ದ ಬಿಸಿಲು. ಎಂಟು ಎಂಟೂವರೆಗೆ ಅಗಸ್ತ್ಯ ನೇರ ತೆಂಕಣದಲ್ಲಿ. ಪುಷ್ಯದವರು ಹತ್ತೂವರೆಗೆ ನೆತ್ತಿಯ ಬಳಿ ನೋಡಲಿ. ರೇವತಿಯವರು ಕ್ಷಮಿಸಬೇಕು, ಅವರ ನಕ್ಷತ್ರ ಆ ಋತುವಿನಲ್ಲಿ ಸಂಜೆಗೇ ಇಳಿದುಹೋಗಿರುತ್ತದೆ. ಅವರು ಡಿಸೆಂಬರಿನಲ್ಲಿ ಬರಲಿ. ನಡುರಾತ್ರಿ ಕಳೆದು ಎರಡೂವರೆ ಮೂರು ಗಂಟೆಗೆ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಅದರ ಎಡಕ್ಕೆ ಕಿನ್ನರ ರಾಶಿಯ ಎರಡು ಉಜ್ಜ್ವಲ ತಾರೆಗಳು. ಅವುಗಳ ಮೇಲ್ಗಡೆ, ಮೂರು ಮುಷ್ಟಿಯ ಎತ್ತರದ ಆಸುಪಾಸಿನಲ್ಲಿ, ಒರೆಸಿದ ಚುಕ್ಕಿಯಂಥ ಒಮೇಗ ಸೆಂಟಾರಿ. ಲಕ್ಷಾಂತರ ಸೂರ್ಯರ ಗುಚ್ಛ ಅದು. ಅದರ ಬೆಳಕು ನಮ್ಮನ್ನು ಸೇರಲು ಹದಿನೇಳು ಸಾವಿರ ವರ್ಷ ಹಿಡಿಯುತ್ತದೆ. ಐದು ಗಂಟೆಯ ಹೊತ್ತಿಗೆ ಆಗ್ನೇಯದಲ್ಲಿ ಆಕಾಶಗಂಗೆಯ ನಡುಭಾಗ ಮೂರು ಮುಷ್ಟಿಯಷ್ಟು ಮೇಲೆದ್ದಿರುತ್ತದೆ. ಇನ್ನೊಂದು ಅರ್ಧ ಗಂಟೆ ಅದನ್ನು ನೋಡಬಹುದು, ಆಮೇಲೆ ಮೂಡಣ ಬೆಳ್ಳಗಾಗಿ ಹಟ್ಟಿಯಿಂದ ಕುರಿಗಳನ್ನು ಹೊಡೆದುಕೊಂಡು ಹೊರಡುತ್ತಾರೆ.